ಡಿಕ್ಕಿಯ ಮ್ಯಾಟಿನ ಕೆಳಗಿನ ನೀಲಿ

ಹೊಸನಗರದಲ್ಲಿ ನನ್ನದೊಂದು ಅಂಗಡಿ ಇತ್ತು. ಸುಣ್ಣ, ಮೈಲುತುತ್ತ, ಹಗ್ಗ, ಔಷಧಿ ಹೊಡೆಯುವ ಪೈಪು ಮಾರುತ್ತಿದ್ದೆ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಮೈಲುತುತ್ತದ ನೀರಿಗೆ ಸುಣ್ಣ ಕಲಸಿ ಹೊಡೆಯುತ್ತಾರಲ್ಲ, ಆ ವ್ಯಾಪಾರದಲ್ಲೇ ನನ್ನ ಸಂಸಾರ ನಡೆಯಿತು. ಓದಿದ್ದು ಹೈಸ್ಕೂಲು. ಆದರೆ ಅರ್ಜಿ ಬರೆದು, ಬರೆದ ಮೇಲೆ ಬೆನ್ನು ಹತ್ತುವುದರಲ್ಲಿ ನನ್ನನ್ನು ಮೀರಿಸುವವರು ಪೇಟೆಯಲ್ಲಿ ಇರಲಿಲ್ಲ. ಈ ಹೆಮ್ಮೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ವಯಸ್ಸಾದ ಮೇಲೆ ಒಂದು ಹೊಸ ಕಾರು ಕೊಂಡೆ. ಮೂರನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಡಿಕ್ಕಿಯ ತಳ ತುಕ್ಕು ತಿಂದು ತೂತಾಯಿತು. ಸಾಗರದ ಸರ್ವಿಸ್ ಸೆಂಟರಿನಲ್ಲಿ ಕಾರನ್ನು ಮೇಲಕ್ಕೆತ್ತಿ ನೋಡಿದರು. ತಳದ ತಗಡು, ಅದರ ಕೆಳಗಿನ ಬೀಮು ಎರಡನ್ನೂ ಬದಲಿಸಬೇಕು ಎಂದರು. ಹೇಳಿದ ಮೊತ್ತ ಕೇಳಿ ನಾನು ಅಲ್ಲಿದ್ದ ಕುರ್ಚಿಯಲ್ಲಿ ಕೂತುಬಿಟ್ಟೆ. ಕಾರಿನ ಮೈ ತುಕ್ಕು ಹಿಡಿದು ತೂತಾದರೆ ತಾವೇ ಸರಿ ಮಾಡಿಕೊಡುವುದಾಗಿ ಕಂಪನಿ ಮಾತು ಕೊಟ್ಟಿತ್ತು. ಈಗ ಕೇಳಿದರೆ, "ಇದು ಹೊರಗಿನ ಕಾರಣದಿಂದ ಬಂದ ತುಕ್ಕು, ನಮಗೆ ಸಂಬಂಧ ಇಲ್ಲ" ಎಂದರು.

ಅದೇ ದಿನ ಅದೇ ಮಾದರಿಯ ಇನ್ನೆರಡು ಕಾರುಗಳು ಅದೇ ರೋಗದಿಂದ ಅಲ್ಲಿ ನಿಂತಿದ್ದವು. ಒಂದು ತೀರ್ಥಹಳ್ಳಿಯ ನಿವೃತ್ತ ಟೀಚರದ್ದು. ಇನ್ನೊಂದು ಸಾಗರದಿಂದ ಜೋಗಕ್ಕೆ ಬಾಡಿಗೆ ಹೊಡೆಯುತ್ತಿದ್ದ ಟ್ಯಾಕ್ಸಿಯವನದು. ತಳ ಸರಿಯಾಗದೆ ಅವನ ಗಾಡಿಗೆ ಓಡಿಸಲು ಯೋಗ್ಯವೆಂಬ ಆರ್‌ಟಿಓ ಪತ್ರ, ಎಫ್‌ಸಿ, ಸಿಗದು, ಎಫ್‌ಸಿ ಇಲ್ಲದೆ ಗಾಡಿ ರಸ್ತೆಗಿಳಿಯದು. ಅವನಿಗೆ ಬೇರೆ ದುಡಿಮೆ ಇರಲಿಲ್ಲ.

"ನಾನೇನ್ ಇದ್ರಲ್ಲಿ ಮೀನ್ ತುಂಬ್ತಿದ್ನಾ ಸಾವ್ಕಾರ್ರೆ? ಜೋಗ ನೋಡಕ್ ಬರೋರ ಬ್ಯಾಗ್ ಬಿಟ್ರೆ ಮತ್ತೆಂತದೂ ಇಟ್ಟಿಲ್ಲ" ಎಂದ.

"ನನ್ನ ಡಿಕ್ಕಿಲಿ ಇರೋದು ಒಂದು ಕೊಡೆ. ಅದನ್ನೂ ಒಣಗಿಸೇ ಇಡ್ತೀನಿ" ಎಂದರು ಟೀಚರು.

"ಮೂರೂ ಜನ ಒಟ್ಟಿಗೆ ಹೋಗಣ. ಒಬ್ಬೊಬ್ರೇ ಹೋದ್ರೆ ಸೊಳ್ಳೆ ಹೊಡ್ದಂಗೆ ಹೊಡ್ದು ಬಿಸಾಕ್ತಾರೆ. ದುಡ್ಡು ವಸೂಲಿ ಮಾಡೋ ಜವಾಬ್ದಾರಿ ನಂದು" ಎಂದೆ.

ಹೇಳದೆ ಬಿಟ್ಟದ್ದು ಇಷ್ಟು. ಕಾರು ಕೊಂಡ ವರ್ಷವೇ, ಆಟೋ ಬಾಡಿಗೆ ಉಳಿಸಲು, ನಾನು ಮೈಲುತುತ್ತದ ಚೀಲವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಗಿರಾಕಿಯ ಮನೆಗೆ ಹೊರಟಿದ್ದೆ. ಪಕ್ಕದಲ್ಲಿ ಒದ್ದೆ ಟಾರ್ಪಾಲು ಇತ್ತು. ಚೀಲ ಹರಿದು, ಹರಳು ಕರಗಿ, ನೀಲಿ ನೀರು ಮ್ಯಾಟಿನ ಕೆಳಗೆ ಇಳಿಯಿತು. ಮೇಲೆ ಮೇಲೆ ಒರೆಸಿ ಸುಮ್ಮನಾದೆ. ಅಂಗಡಿಗೆ ಬಂದವರಿಗೆಲ್ಲ ಜೀವಮಾನವಿಡೀ ನಾನೇ ಹೇಳಿದ್ದೆ: ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬೇಡಿ, ತಿಂದು ಹಾಕುತ್ತದೆ. ನನ್ನ ಕಾರಿನ ತಳ ಯಾಕೆ ಹೋಯಿತೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಅವರಿಬ್ಬರದು ನಿಜವಾದ ದೋಷ, ಅದರ ಜೊತೆ ನನ್ನದೂ ತೇಲಿಹೋಗಲಿ ಎಂದು ಆಸೆಪಟ್ಟೆ.

ತಿಂಗಳುಗಟ್ಟಲೆ ಪತ್ರ ಬರೆದೆ, ಫೋನ್ ಮಾಡಿದೆ, ಶಿವಮೊಗ್ಗದ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇವೆಂದು ಹೆದರಿಸಿದೆ. ಕೊನೆಗೆ ಕಂಪನಿ ಒಬ್ಬ ಇಂಜಿನಿಯರನ್ನು ಸಾಗರಕ್ಕೆ ಕಳಿಸಿತು. ಅವರು ಮೊದಲು ಹಿಡಿದದ್ದು ನನ್ನ ಕಾರನ್ನೇ. ಡಿಕ್ಕಿಯ ಮ್ಯಾಟು ಎತ್ತಿದರು. ಅದರ ಅಡಿಯ ಬಟ್ಟೆಯಲ್ಲಿ ಅಗಲವಾದ ನೀಲಿ ಕಲೆ.

"ಇದೇನ್ ಸರ್, ಬಣ್ಣ ಚೆಲ್ಲಿತ್ತಾ?"

"ಹೌದು. ಮೊಮ್ಮಗಳ ಬಣ್ಣದ ಡಬ್ಬಿ" ಎಂದೆ. ನನಗೆ ಮೊಮ್ಮಗಳೇ ಇಲ್ಲ.

ಅವರು ಆ ನೀಲಿಯನ್ನು ಸ್ವಲ್ಪ ಕೆರೆದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡರು. ಟೀಚರು ನನ್ನನ್ನೇ ನೋಡುತ್ತಿದ್ದರು.

ಉಳಿದೆರಡು ಕಾರು ಊಟದ ನಂತರ ಎಂದಾಯಿತು. ಎದುರಿನ ಹೋಟೆಲಿಗೆ ಹೋದೆವು. ಟ್ಯಾಕ್ಸಿಯವನು ಕೈ ತೊಳೆಯಲು ಎದ್ದಾಗ ಟೀಚರು ದನಿ ತಗ್ಗಿಸಿದರು.

"ಅಂಗಡಿಯವ್ರೇ, ನಮ್ಮನೇಲೂ ನಾಲ್ಕು ಅಡಿಕೆ ಮರ ಇದಾವೆ. ಆ ಬಣ್ಣ ಯಾವ್ದು ಅಂತ ನಂಗೆ ಗೊತ್ತಾಗಲ್ವಾ?"

ನಾನು ಅನ್ನಕ್ಕೆ ಸಾರು ಕಲಸುತ್ತಲೇ ಇದ್ದೆ.

"ಆ ಪುಡಿ ಪರೀಕ್ಷೆಗೆ ಹೋಗ್ತದೆ. ಆಮೇಲೆ ಮೂರೂ ಕಾರಿಗೂ ಅದೇ ಕಾರಣ ಅಂಟಿಸ್ತಾರೆ. ನಂದು ಬಿಡಿ, ಪೆನ್ಶನ್ ಬರ್ತದೆ. ಇವ್ನು ಎಂತ ಮಾಡ್ಬೇಕು?"

ಅಷ್ಟರಲ್ಲಿ ಅವನೇ ಬಂದ. ನಾನು ದುಡ್ಡು ತೆಗೆಯಲು ಹೋದರೆ ಕೈ ಹಿಡಿದುಕೊಂಡ. "ಆಗ್ಲೇ ಕೊಟ್ಟಾಯ್ತು. ನಮಿಗೋಸ್ಕರ ಇಷ್ಟ್ ಓಡಾಡ್ತೀರಿ, ಒಂದ್ ಊಟ ನಂದಿರ್ಲಿ ಸಾವ್ಕಾರ್ರೆ."

ರಸ್ತೆ ದಾಟುವಾಗಲೇ ನಿರ್ಧರಿಸಿದೆ. ಒಳಗೆ ಹೋಗಿ ಇಂಜಿನಿಯರ ಎದುರು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಅದು ಬಣ್ಣ ಅಲ್ಲ, ಮೈಲುತುತ್ತ. ನಾನೇ ಚೆಲ್ಲಿದ್ದು. ಬೆಳಿಗ್ಗೆ ಸುಳ್ಳು ಹೇಳ್ದೆ. ನನ್ನ ಕಾರಿನ ದೂರು ವಾಪಸ್ ತಗೊಳ್ತೀನಿ."

ಇಂಜಿನಿಯರ ಮುಖದಲ್ಲಿ ನಗು ಮೂಡಿತು. "ಹಾಗಾದ್ರೆ ಉಳಿದೆರಡೂ ಅದೇ ಇರ್ಬೇಕು. ಈ ಕಡೆ ಎಲ್ರೂ ಇದನ್ನ ಬಳಸ್ತೀರಲ್ವಾ?"

ಟ್ಯಾಕ್ಸಿಯವನು ನನ್ನ ಕಡೆ ತಿರುಗಿದ. "ಥೂ! ಮುಂದೆ ನಿಂತು ಕೊಡಿಸ್ತೀನಿ ಅಂದು ಕೊನಿಗೆ ನಮ್ಮನ್ನೂ ಮುಳುಗಿಸಿದ್ರಲ್ಲ!"

"ಬೈಯೋದು ಆಮೇಲೆ ಬೈ. ಒಂದು ಮೊಳೆ ತಗಂಬಾ" ಎಂದೆ.

ತೋಟಕ್ಕೆ ಔಷಧಿ ಕಲಸುವವರು ಸುಣ್ಣ ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಮೈಲುತುತ್ತ ಹೆಚ್ಚಿದ್ದರೆ ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂರುತ್ತದೆ. ನನ್ನ ಮ್ಯಾಟಿನ ಒಂದು ತುಂಡನ್ನು ಬಿಸಿ ನೀರಲ್ಲಿ ಹಿಂಡಿ, ಉಜ್ಜಿ ಹೊಳಪು ಮಾಡಿದ ಮೊಳೆಯನ್ನು ಅದರಲ್ಲಿ ಬಿಟ್ಟೆ. ನೋಡನೋಡುತ್ತಿದ್ದಂತೆ ಮೊಳೆ ಕೆಂಪಾಯಿತು.

"ಈಗ ಅವರ ಮ್ಯಾಟು ಹಿಂಡಿ ಸಾರ್. ನಿಮ್ಮ ಕೈಯಿಂದಲೇ."

ಹಿಂಡಿದರು. ಎರಡು ಲೋಟದಲ್ಲೂ ಮಣ್ಣು ನೀರು, ಎರಡರಲ್ಲೂ ಮೊಳೆ ಇದ್ದ ಹಾಗೇ ಇತ್ತು. ಆಮೇಲೆ ಮೂರೂ ಕಾರುಗಳನ್ನು ಮೇಲಕ್ಕೆತ್ತಿಸಿದೆ. ನನ್ನದು ಮೇಲಿನಿಂದ ಕೆಳಕ್ಕೆ ತಿಂದು ಹೋಗಿತ್ತು. ಅವರದರಲ್ಲಿ ಮೇಲಿನ ಬಣ್ಣ ಇನ್ನೂ ಹೊಳೆಯುತ್ತಿತ್ತು. ಬೀಮಿನ ಒಳಗೆ, ಬೆಸುಗೆಯ ಸಂದಿನಲ್ಲಿ ಬಣ್ಣವೇ ತಾಗಿರಲಿಲ್ಲ, ತುಕ್ಕು ಅಲ್ಲಿಂದಲೇ ಹೊರಟಿತ್ತು. ಇಂಜಿನಿಯರು ಟಾರ್ಚು ಹಿಡಿದು ಬಹಳ ಹೊತ್ತು ಅಲ್ಲೇ ನೋಡುತ್ತಿದ್ದರು.

ಕಂಪನಿ ಟೀಚರ ಕಾರನ್ನು ಸರಿ ಮಾಡಿಕೊಟ್ಟಿತು. ಬಾಡಿಗೆ ಗಾಡಿಯನ್ನು ವಿಪರೀತ ಓಡಿಸಿದ್ದಾರೆಂದು ಟ್ಯಾಕ್ಸಿಯವನಿಗೆ ಇಲ್ಲವೆಂದಿತು. ಆಗ ಶಿವಮೊಗ್ಗದಲ್ಲಿ ಕೇಸು ಹಾಕಿಸಿದೆ. ನನ್ನ ನೀಲಿ ಮ್ಯಾಟನ್ನು ಹೊತ್ತುಕೊಂಡು ಪ್ರತಿ ವಾಯಿದೆಗೂ ಬಸ್ಸಿನಲ್ಲಿ ಹೋದೆ. ನನ್ನ ಸುಳ್ಳನ್ನು ಅಲ್ಲೂ ಬಾಯಿಬಿಟ್ಟು ಹೇಳಿದೆ. ಕಂಪನಿಯ ವಕೀಲರು, "ಒಮ್ಮೆ ಸುಳ್ಳು ಹೇಳಿದವರನ್ನು ಹೇಗೆ ನಂಬೋದು?" ಎಂದರು. "ನನ್ನನ್ನ ನಂಬಬೇಡಿ, ಬೀಮು ನೋಡಿ" ಎಂದೆ. ಟ್ಯಾಕ್ಸಿಯವನು ಅಷ್ಟು ದಿನವೂ ನನ್ನಿಂದ ದೂರದ ಬೆಂಚಿನಲ್ಲಿ ಕೂರುತ್ತಿದ್ದ.

ರಿಪೇರಿಯ ಖರ್ಚು, ಗಾಡಿ ನಿಂತ ಕಾಲದ ನಷ್ಟ ಎರಡನ್ನೂ ಕೊಡಬೇಕೆಂದು ಆದೇಶವಾಯಿತು. ಹಣ ಬಂದು, ಗಾಡಿ ರಸ್ತೆಗಿಳಿದ ಮೇಲೆ ಒಂದು ದಿನ ಅವನು ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಗಾಡಿ ನಿಲ್ಲಿಸಿದ. ಸಾಗರಕ್ಕೆ ಹೊರಟಿದ್ದೇನೆ ಎಂದೆ. ಇಳಿದು ಡಿಕ್ಕಿ ತೆಗೆದ. ನಾನು ಚೀಲ ಇಡಲು ಹೋದಾಗ ಕೈ ಅಡ್ಡ ಹಿಡಿದ.

"ಚೀಲ್ದಲ್ಲಿ ಎಂತ ಇದೆ?"

ಚೀಲದ ಬಾಯಿ ಬಿಚ್ಚಿ ತೋರಿಸಿದೆ. ಒಂದು ಪಂಚೆ, ಬಾಳೆಕಾಯಿ, ಔಷಧಿ ಚೀಟಿ. ಅವನು ಕೈ ಹಾಕಿ ತಳದವರೆಗೂ ನೋಡಿದ.

"ಹತ್ತಿ ಸಾವ್ಕಾರ್ರೆ" ಎಂದ.