ತೊಳೆದು ನೋಡಿ ಕೊಂಡ ಒಲೆ

ಪುಟ್ಟಲಿಂಗಮ್ಮ ದಿನಾ ಬೆಳಗ್ಗೆ ಒಲೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಕುಂಕುಮದ ಬೊಟ್ಟಿಟ್ಟು ಕೈಮುಗಿದ ಮೇಲೆಯೇ ಬೆಂಕಿ ಹೊತ್ತಿಸುವುದು. ಗ್ಯಾಸ್ ಒಲೆಯಾದರೂ ಅಷ್ಟೇ. ಅಶೋಕಪುರಂನ ಆ ಮನೆಯಲ್ಲಿ ಜ್ವರದ ದಿನವೂ ಇದು ತಪ್ಪಿದ್ದಿಲ್ಲ.

ಮಗಳು ಯಶೋಧಾ ಹೆರಿಗೆಯಾಗಿ ಆಸ್ಪತ್ರೆಯಲ್ಲಿದ್ದಳು. ನಾಡಿದ್ದು ಕೂಸಿನೊಂದಿಗೆ ತವರಿಗೆ ಬರುವವಳು. ಬಾಣಂತಿಗೆ ಹಿತ್ತಲಲ್ಲಿ ನೀರು ಹಾಕಬೇಕು, ಕೆಂಡದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯಬೇಕು. ಅದಕ್ಕೊಂದು ಇದ್ದಿಲ ಒಲೆ ಬೇಕಿತ್ತು. ಸೌದೆ ಒಲೆ, ಗ್ಯಾಸ್ ಒಲೆ ಮಾತ್ರ ಕಂಡಿದ್ದ ಪುಟ್ಟಲಿಂಗಮ್ಮನಿಗೆ ಇಂಥ ಒಲೆ ಹೊಸದು. ಈಗಿನ ತಗಡಿನ ಒಲೆಗಳನ್ನು ಅವರು ನಂಬರು. ಹಂಡೆ ಕುದಿಯುವಾಗ ಒಲೆಯ ಕಾಲು ಮುರಿದರೆ, ಪಕ್ಕದಲ್ಲಿ ಮಣೆಯ ಮೇಲೆ ಕೂತವಳ ಗತಿ?

ಹಾಗಾಗಿಯೇ ರಾಜೀವನಗರದಲ್ಲಿ ಹಳೇ ಸಾಮಾನು ಮಾರುವ ನಂಜುಂಡಯ್ಯನ ಅಂಗಡಿಗೆ ಬಂದಿದ್ದರು. ಅವನು ತೋರಿಸಿದ ಎರಕದ ಕಬ್ಬಿಣದ ಒಲೆ ಕರ‍್ರಗೆ ಮಿರಮಿರ ಮಿಂಚುತ್ತಿತ್ತು.

"ದೊಡ್ಡ ಬಂಗ್ಲೇದು ಕಣಮ್ಮ. ನೂರು ವರ್ಷದ್ದು."

"ನನಗಿಂತ ಚೆನ್ನಾಗೈತಲ್ಲಪ್ಪ! ಯಾವ ಬಂಗ್ಲೆ?"

"ಹೆಸರು ಹೇಳ್ಬೇಡಿ ಅಂದವ್ರೆ."

ಪುಟ್ಟಲಿಂಗಮ್ಮ "ಹೂಂ" ಎಂದರು. ಬಾಗಿ ಮೂಸಿದರು. ಎಣ್ಣೆ ಕಲಸಿದ ಮಸಿಯ ವಾಸನೆ, ಇನ್ನೂ ಹಸಿ. ಚೀಲದಿಂದ ಹುಣಸೆಹಣ್ಣು ತೆಗೆದರು.

"ಒಂದು ಚೊಂಬು ನೀರು ಕೊಡಪ್ಪ."

"ಯಾಕಮ್ಮ, ಇಲ್ಲೇ ಸಾರು ಕಾಯಿಸ್ಬುಡ್ತೀರಾ?"

"ಹಚ್ಚಿ ನೋಡ್ದೆ ತಗೊಳಾಕಿಲ್ಲ. ತೊಳೀದೆ ಹಚ್ಚಾಕಿಲ್ಲ."

"ಅಯ್ಯೋ, ತಿಕ್ಕಿದ್ರೆ ಹಳೇ ಕಳೆ ಹೊಂಟೋಗ್ಬುಡ್ತದೆ!"

"ನೂರು ವರ್ಷ ತಡೆದಿರೋ ಕಳೆ ಹುಣಸೆಹಣ್ಣಿಗೆ ಹೆದರ್ತದಾ?"

ಹಿತ್ತಾಳೆ ದೀಪ ನೋಡುತ್ತಿದ್ದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ನಂಜುಂಡಯ್ಯ ಮುಖ ಸಣ್ಣದು ಮಾಡಿಕೊಂಡು ನೀರು ತಂದ.

ಎರಡು ಕಾಲು ತೊಳೆದಾಗ ಮಸಿ ಹೋಗಿ ಕಬ್ಬಿಣ ಕಂಡಿತು. ಮೂರನೆಯದರಲ್ಲಿ ಮಸಿಯ ಕೆಳಗೆ ಬೂದುಬಣ್ಣದ ಗಾರೆ ಮೆತ್ತಿದ್ದು ಸಿಕ್ಕಿತು. ಉಗುರಿನಲ್ಲಿ ಕೆರೆದರೆ ಅರ್ಧ ಕಾಲಿನವರೆಗೂ ಬಿರುಕು.

"ನನ್ ಮಗಳು ಇದರ ಪಕ್ಕದಾಗೆ ಕೂರ್ಬೇಕಿತ್ತು" ಎಂದರು ಪುಟ್ಟಲಿಂಗಮ್ಮ. ದನಿ ಏರಿಸಲಿಲ್ಲ.

"ದೇವರಾಣೆ ಕಣಮ್ಮ, ನಾನು ಕೊಂಡಾಗಲೇ ಹಿಂಗಿತ್ತು."

ಇರಬಹುದು, ಇಲ್ಲದಿರಬಹುದು. ದೇವರನ್ನು ನಡುವೆ ಎಳೆದದ್ದು ಮಾತ್ರ ಅವರಿಗೆ ಹಿಡಿಸಲಿಲ್ಲ. ಎದ್ದವರ ಕಣ್ಣಿಗೆ, ಮುರಿದ ಕುರ್ಚಿಗಳ ಅಡಿಯಲ್ಲಿ ತುಕ್ಕು ಹಿಡಿದ ಇನ್ನೊಂದು ಒಲೆ ಬಿತ್ತು. ಅದಕ್ಕೆ ಯಾರೂ ಏನೂ ಬಳಿದಿರಲಿಲ್ಲ.

ಅದನ್ನೂ ತೊಳೆದರು. ಮೂರು ಕಾಲನ್ನೂ ಕಲ್ಲಿನಿಂದ ತಟ್ಟಿ ಕಿವಿಗೊಟ್ಟರು. ಒಂದೇ ನಾದ. ಬೊಟ್ಟಿಟ್ಟು, ಚೀಲದಲ್ಲಿ ತಂದಿದ್ದ ಇದ್ದಿಲು ಹೊತ್ತಿಸಿ, ಅಂಗಡಿಯದೇ ಹಂಡೆಯಲ್ಲಿ ನೀರು ತುಂಬಿ ಇಟ್ಟರು. ನೀರು ಕುದಿಯುವವರೆಗೂ ಸ್ಟೂಲಿನ ಮೇಲೆ ಕೂತು ಒಲೆಯ ಕಾಲುಗಳನ್ನೇ ನೋಡಿದರು. ನಂಜುಂಡಯ್ಯ ಎರಡು ಸಲ ಟೀ ಕುಡಿದ. ಒಲೆ ಅಲುಗಲಿಲ್ಲ.

ವ್ಯಾಪಾರ ಮುಗಿದಾಗ ಅವನ ಮನಸ್ಸು ಕೊಂಚ ಕರಗಿತ್ತು.

"ಬುಟ್ಟೋಗಿ ಅಮ್ಮ. ಚೆನ್ನಾಗಿ ಮಸಿ ಎಣ್ಣೆ ಹಚ್ಚಿ, ಸಂಜೆ ನನ್ ಗಾಡೀಲೇ ಮನೇಗೆ ತಂದು ಇಳಿಸ್ತೀನಿ. ದುಡ್ಡು ಬ್ಯಾಡ."

ಪುಟ್ಟಲಿಂಗಮ್ಮ ಕೆಂಡ ಸುರಿದ ಮೇಲೂ ಬೆಚ್ಚಗಿದ್ದ ಒಲೆಗೆ ಗೋಣಿಚೀಲ ಸುತ್ತಿದರು.

"ಮಸಿನೂ ಬ್ಯಾಡ, ಗಾಡೀನೂ ಬ್ಯಾಡಪ್ಪ. ನಾನು ಬೊಟ್ಟಿಟ್ಟಿರೋ ಒಲೆ ನನ್ ಕಣ್ಮುಂದೇನೇ ಬರ್ಲಿ" ಎಂದು, ಬರುತ್ತಿದ್ದ ಆಟೋಗೆ ಕೈ ಅಡ್ಡ ಹಿಡಿದರು.