ನಾಲ್ಕು ಗೇಣು, ನಾಲ್ಕು ಬೆರಳು

ಆಳಂದದ ಕಾಕಾ ಮದುವೆಯಾದ ಮೇಲೆ ದಪ್ಪಗಾದದ್ದು ನನ್ನ ಪುಣ್ಯ. ಇಲ್ಲದಿದ್ದರೆ ಆ ಬೆಲ್‌ಬಾಟಮ್ ಪ್ಯಾಂಟು ಅಫಜಲಪುರದ ನಮ್ಮ ಮನೆಯ ಹೊಸ್ತಿಲು ದಾಟಿ ಬರುತ್ತಲೇ ಇರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಬೆಲ್‌ಬಾಟಮ್ಮಿನ ಕಾಲ ಮುಗಿದಿತ್ತು, ಕಾಕಾನ ತೆಳು ಸೊಂಟದ ಕಾಲವೂ ಮುಗಿದಿತ್ತು. ಕಡುನೀಲಿ ಟೆರಿಕಾಟ್ ಬಟ್ಟೆ. ಮೊಣಕಾಲಿನ ಕೆಳಗೆ ಅದರ ಅಗಲ ನೋಡಿದರೆ ಕಾಕಾ ಅದನ್ನು ಹಾಕಿಕೊಂಡು ಆಳಂದದ ಬಜಾರನ್ನೆಲ್ಲ ಗುಡಿಸಿ ಬಂದಿರಬೇಕು. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವವಳು ಬಂದಾಗ ಕೊಡೋಣವೆಂದು ಅವ್ವ ಅದನ್ನು ಗಂಟು ಕಟ್ಟಿಟ್ಟಿದ್ದಳು. ನಾನು ಗಂಟಿನ ಮೇಲೆಯೇ ಬಿದ್ದು ಹೊರಳಾಡಿ ಅದನ್ನು ಉಳಿಸಿಕೊಂಡೆ.

ಹೊರಳಾಟಕ್ಕೆ ಕಾರಣ ಖೋಖೋ. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ, ನಮ್ಮ ಶಾಲೆಯ ಹುಡುಗಿಯರ ತಂಡ ಜೇವರ್ಗಿಗೆ ಆಡಲು ಹೋಗುವುದಿತ್ತು. ಓಡುವುದರಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ. ಆಟ ಕಲಿಸುವ ಅಕ್ಕೋರು ಎಲ್ಲರೂ ನೀಲಿ ಚಡ್ಡಿ ಹಾಕಿಕೊಂಡು ಬರಬೇಕೆಂದರು. ಮನೆಗೆ ಬಂದು ನಾನು ಚಡ್ಡಿ ಎಂದ ಕೂಡಲೇ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ವಿಭೂತಿ ಹಚ್ಚಿಕೊಳ್ಳುತ್ತಿದ್ದ ಕೈಯನ್ನು ಹಣೆಯ ಮೇಲೆಯೇ ನಿಲ್ಲಿಸಿದಳು.

"ಚಡ್ಡಿ ಹಾಕ್ಕೊಂಡು ನನ್ನ ತವರಿನಾಗ ಓಡಾಕ ಹೊಂಟೀಯೇನ ಬೇ? ಅಲ್ಲಿ ನಾ ಮಾರಿ ಹ್ಯಾಂಗ ತೋರಿಸಲಿ?"

ಜೇವರ್ಗಿ ಆಯಿಯ ತವರು ಎಂಬುದು ನನ್ನ ದುರ್ದೈವ. ಎರಡು ದಿನ ಅತ್ತೆ, ಅನ್ನ ಬಿಟ್ಟೆ, ಬಿಟ್ಟ ಅನ್ನವನ್ನು ಕದ್ದು ತಿಂದೆ. ಕೊನೆಗೆ ತೀರ್ಪು ಬಂತು. ಹಿಮ್ಮಡದ ತನಕ ಕಾಲು ಮುಚ್ಚಿದ್ದರೆ ಆಡಬಹುದು. ಅದನ್ನು ನೋಡಿಕೊಳ್ಳಲು ಆಯಿ ತಾನೇ ಜೊತೆಗೆ ಬರುತ್ತಾಳೆ.

"ಕಾಲು ಕಂಡ್ವು ಅಂದ್ರ ಆಟದಾಗಿಂದನ ಕೈ ಹಿಡದು ಎಳಕೊಂಡು ಬರ್ತೇನಿ, ನೋಡು."

ಆಯಿ ಅಂದದ್ದನ್ನು ಮಾಡುವವಳೇ. ಒಂದು ಮದುವೆಯಲ್ಲಿ ಮರ್ಯಾದೆ ಕಡಿಮೆಯಾಯಿತೆಂದು ಊಟದ ಪಂಕ್ತಿಯಿಂದ ಅಪ್ಪನನ್ನೇ ಎಬ್ಬಿಸಿಕೊಂಡು ಬಂದಿದ್ದಳು. ಅಪ್ಪನ ಕೈಯಲ್ಲಿ ಅರ್ಧ ತಿಂದ ಹೋಳಿಗೆ ಹಾಗೇ ಇತ್ತಂತೆ.

ಸರಿ, ಚಡ್ಡಿ ಹೋಗಿ ಪಾಯಜಾಮ ಬಂತು. ನಾನೂ ಅವ್ವನೂ ಕಾಕಾನ ಪ್ಯಾಂಟಿನ ಹೊಲಿಗೆಯನ್ನೆಲ್ಲ ಬ್ಲೇಡಿನಿಂದ ಬಿಚ್ಚಿದೆವು. ಕಚೇರಿಯ ಕುರ್ಚಿಯಲ್ಲಿ ಕೂತೂ ಕೂತೂ ಹಿಂಭಾಗ ಕನ್ನಡಿಯಂತೆ ಮಿರುಗುತ್ತಿತ್ತು. ಅವ್ವ ಬಟ್ಟೆಯನ್ನು ತಿರುವಿ ಹಾಕಿದಳು. ಒಳಗಿನ ಬಣ್ಣ ಇನ್ನೂ ಹೊಸದರ ಹಾಗೇ ಇತ್ತು. ಕಾಕಾನ ಅಷ್ಟೂ ವರ್ಷದ ನೌಕರಿ ಒಳಮುಖವಾಯಿತು, ನನ್ನ ಖೋಖೋ ಹೊರಮುಖವಾಯಿತು. ನಾನು ಬಟ್ಟೆಯನ್ನು ತಲೆಯ ಮೇಲೆ ಹೊದ್ದು ಪಡಸಾಲೆಯ ತುಂಬ ಕುಣಿದೆ.

ಆಟದ ಹಿಂದಿನ ದಿನ ಅಮಾವಾಸ್ಯೆ. ಅವ್ವ ಘತ್ತರಗಿಗೆ ಭಾಗ್ಯವಂತಿಯ ದರ್ಶನಕ್ಕೆ ಹೊರಟವಳು ಅಲ್ಲೇ ಉಳಿದು ಮರುದಿನ ಬರುವವಳಿದ್ದಳು. ಅಗಲಕ್ಕೆಂದು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ನನ್ನನ್ನು ನಿಲ್ಲಿಸಿ ಸೊಂಟದಿಂದ ಹಿಮ್ಮಡದ ತನಕ ಗೇಣು ಹಾಕಿದಳು. ಅಷ್ಟರಲ್ಲಿ ಓಣಿಯ ಹೆಂಗಸರು ಬಸ್ಸು ಹೋಗುತ್ತದೆಂದು ಕೂಗಿದರು. ಉದ್ದದ ಗೆರೆ ಎಳೆಯಲು ಹೊತ್ತು ಸಿಗಲಿಲ್ಲ.

"ನಾಕು ಗೇಣು, ನಾಕು ಬೆರಳು. ನೆನಪಿಟ್ಕೋ!" ಎಂದು ಓಡಿದಳು.

ನಾನು ಕತ್ತರಿ ಎತ್ತಿದರೆ ಆಯಿಯ ತಕರಾರು. ಅಮಾವಾಸ್ಯೆಯ ದಿನ ಅರಿವೆಗೆ ಕತ್ತರಿ ಇಡಬಾರದಂತೆ. ಇದು ಹೊಸ ಅರಿವೆಯಲ್ಲವಲ್ಲ ಎಂದು ನಾನು ವಾದಿಸಿದೆ. ಆಯಿ ಸ್ವಲ್ಪ ಯೋಚಿಸಿ, "ಅದೂ ಖರೇನ. ಜೂನಾ ಅರಿವಿಗಿ ಯಾ ಅಮಾಸಿ? ಅದು ಎಷ್ಟು ಅಮಾಸಿ ಕಂಡದೋ ಏನೋ!" ಎಂದಳು.

ನಾಲ್ಕು ಗೇಣು, ನಾಲ್ಕು ಬೆರಳು. ಅಳೆದೆ, ಕತ್ತರಿಸಿದೆ. ಕೆಳಗೆ ಉಳಿದ ಚೂರುಗಳನ್ನು ಲಾಡಿ ಏರಿಸುವ ಪಟ್ಟಿಗೂ ಒಂದು ಜೇಬಿಗೂ ಖರ್ಚು ಮಾಡಿದೆ. ಜೇಬು ಯಾಕೆ ಬೇಕಿತ್ತೋ ಶಿವನೇ ಬಲ್ಲ. ಮಿಷನ್ನಿನ ಮುಂದೆ ಕೂತು ಕಾಲು ತುಳಿದು ಒಂದೇ ಉಸಿರಿಗೆ ಹೊಲಿದು, ಹಾಕಿಕೊಂಡು, ಆಯಿಯ ಮುಂದೆ ನಿಂತೆ.

ಪಾಯಜಾಮ ಮೀನಖಂಡದ ಅರ್ಧಕ್ಕೇ ನಿಂತಿತ್ತು.

ಎಳೆದೆ, ಜಗ್ಗಿದೆ, ಕೂತೆ, ಎದ್ದೆ. ಅದು ಕೆಳಗಿಳಿಯಲಿಲ್ಲ. ಆಮೇಲೆ ನನ್ನ ಕೈ ನೋಡಿಕೊಂಡೆ. ಅಳೆದು ಹೇಳಿದ್ದು ರೊಟ್ಟಿ ಬಡಿದು ಬಡಿದು ಅಗಲವಾದ ಅವ್ವನ ಕೈ, ಅಳೆದು ಕತ್ತರಿಸಿದ್ದು ನನ್ನ ಇಷ್ಟೇ ಇಷ್ಟು ಕೈ! ಗೇಣಿಗೆ ಎರಡು ಬೆರಳಿನಂತೆ ನನ್ನ ಜೇವರ್ಗಿ ಹೋಗಿಬಿಟ್ಟಿತ್ತು. ನೆಲಕ್ಕೆ ಕೂತು ಮನೆ ಹಾರಿಹೋಗುವ ಹಾಗೆ ಅತ್ತೆ.

"ಅಮಾಸಿ ತೋರಿಸ್ತು ನೋಡು," ಎಂದಳು ಆಯಿ. ಹಾಗೆಂದವಳು ಸುಮ್ಮನೆ ಕೂಡಲಿಲ್ಲ. ನಾನು ಹೋಗದಿದ್ದರೆ ಅವಳ ತವರಿನ ಪ್ರಯಾಣವೂ ತಪ್ಪುತ್ತಿತ್ತಲ್ಲ! ಕೌದಿಗೆಂದು ಎತ್ತಿಟ್ಟಿದ್ದ ತನ್ನ ಹಳೆಯ ಇಳಕಲ್ ಸೀರೆ ತಂದು, ಅದರ ಅಂಚಿನ ಕೆಂಪು ದಡಿಯನ್ನು ಪರ್ರನೆ ಹರಿದಳು. ಮಿಷನ್ನನ್ನು ಅವಳು ಮುಟ್ಟುವವಳಲ್ಲ. ಕೌದಿ ಹೊಲಿಯುವ ಹಾಗೆ ಉದ್ದುದ್ದ ಟಾಕಿ ಹಾಕಿ ಎರಡೂ ಕಾಲಿಗೆ ದಡಿ ಜೋಡಿಸಿದಳು. ಈಗ ಪಾಯಜಾಮ ಸರಿಯಾಗಿ ಹಿಮ್ಮಡಕ್ಕೆ ಬಂತು. ನೀಲಿಯ ಕೆಳಗೆ ಕೆಂಪು. ನನಗೆ ಅದರಷ್ಟು ಚಂದದ್ದು ಲೋಕದಲ್ಲಿ ಇಲ್ಲವೆನಿಸಿತು.

ಜೇವರ್ಗಿಯ ಮೈದಾನದಲ್ಲಿ ಎಲ್ಲರಿಗೂ ಹಾಗೆ ಅನಿಸಲಿಲ್ಲ. "ಸೀರಿ ಉಟ್ಕೊಂಡು ಬಂದಾಳ ನೋಡ್ರಿ!" ಎಂದು ಎದುರು ತಂಡದವರು ನಕ್ಕರು. ನಗಲಿ, ಹಿಡಿಯಲು ಬರಲಿ ಎಂದುಕೊಂಡೆ. ಆಯಿ ತನ್ನ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೆರೆಯಾಚೆ ಎಲ್ಲರಿಗಿಂತ ಮುಂದೆ ಕೂತಿದ್ದಳು. ಅವಳ ಕಣ್ಣು ನನ್ನ ಹಿಮ್ಮಡದ ಮೇಲೆ.

ಕೊನೆಯ ಸರದಿ. ನಮ್ಮವರೆಲ್ಲ ಔಟಾಗಿ ನಾನೊಬ್ಬಳೇ ಉಳಿದಿದ್ದೆ. ಸೀಟಿ ಊದುವ ತನಕ ನಾನು ಸಿಗದಿದ್ದರೆ ಗೆಲುವು ನಮ್ಮದು. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ, ಆಗ ಬಲಗಾಲಿನ ಟಾಕಿ ಟಪ್ ಟಪ್ ಎಂದು ಬಿಚ್ಚಿ ದಡಿ ಪಾದಕ್ಕೆ ಸುತ್ತಿಕೊಂಡಿತು. ನಾನು ಬಗ್ಗಿ ಅದನ್ನು ಎತ್ತಿ ಹಿಡಿದುಕೊಂಡು, ಹಳ್ಳ ದಾಟುವ ಮುದುಕಿಯ ಹಾಗೆ ಕುಂಟತೊಡಗಿದೆ. ಬಿಟ್ಟರೆ ಕಾಲು ಕಾಣುತ್ತದೆ, ಹಿಡಿದರೆ ಸಿಕ್ಕಿಬೀಳುತ್ತೇನೆ. ಆಯಿಯ ಕಡೆ ನೋಡಿದೆ. ಆಯಿ ಎದ್ದು ನಿಂತಿದ್ದಳು. ಮುಗಿಯಿತು, ಕೈ ಹಿಡಿದು ಎಳೆಯಲು ಬಂದಳು ಎಂದುಕೊಂಡೆ.

"ಬಿಡ ಬೇ ಅದನ್ನ!" ಎಂದು ಆಯಿ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು. "ಹರದು ಒಗಿ! ಓಡ ಬೇ ಯವ್ವಾ, ಓಡು!"

ಎಡಗಾಲಿನಿಂದ ದಡಿಯನ್ನು ತುಳಿದು ಬಲಗಾಲು ಎಳೆದೆ. ಪರ್ರೆಂದಿತು. ಆಮೇಲೆ ನಾನು ಓಡಿದ ಓಟ ಇಂದಿಗೂ ನನ್ನ ಕಾಲಿನಲ್ಲಿದೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. ಸೀಟಿ ಊದಿದರೂ ನಿಲ್ಲದೆ ಇನ್ನೊಂದು ಸುತ್ತು ಓಡಿದೆ.

ಮಧ್ಯಾಹ್ನ ಇನ್ನೊಂದು ಆಟವಿತ್ತು. ಆಯಿ ನನ್ನನ್ನು ನೆರಳಿನಲ್ಲಿ ಕೂರಿಸಿ, ಎಡಗಾಲಿನ ಟಾಕಿಗಳನ್ನು ತಾನೇ ಹಲ್ಲಿನಿಂದ ಕಡಿದು ದಡಿ ಬಿಚ್ಚಿದಳು. ಅವಳ ತಂಗಿ ಏನೋ ಅನ್ನಲು ಬಾಯಿ ತೆರೆದಳು, ಆಯಿ ನೋಡಿದ ನೋಟಕ್ಕೆ ಮುಚ್ಚಿದಳು. ಆ ಆಟದಲ್ಲಿ ನಾವು ಚೆನ್ನಾಗಿಯೇ ಸೋತೆವು.

ಮರಳಿ ಬರುವಷ್ಟರಲ್ಲಿ ಅವ್ವ ಘತ್ತರಗಿಯಿಂದ ಬಂದಿದ್ದಳು. ನನ್ನ ಬತ್ತಲೆ ಮೀನಖಂಡ ನೋಡಿ ಹಣೆ ಬಡಿದುಕೊಂಡಳು. "ಎಷ್ಟು ಗೇಣು ಇಟ್ಟಿಯವ್ವಾ? ನಾ ಹೇಳಿದ್ದೇನು, ನೀ ಮಾಡಿದ್ದೇನು?"

ನಾನು ಬಾಯಿ ತೆರೆಯುವ ಮೊದಲೇ ಆಯಿ ದಡಿಗಳನ್ನು ಕೌದಿಯ ಗಂಟಿಗೆ ತುರುಕುತ್ತ ಹೇಳಿದಳು.

"ಸುಮ್ಕಿರು. ಸರಿ ಅದ. ತನ್ನ ಗೇಣಿಲೆ ತಾನ ಕತ್ತರಸ್ಯಾಳ."