ಕುಡಿ ಚಿವುಟಿದ ಬುಟ್ಟಿಗಳು

‘ಟೊಳ್’ ಎಂದಿತು ಬುಟ್ಟಿ.

ನೀರಿನ ಉದ್ದ ಕೊಳವೆಯಿಂದ ಬುಟ್ಟಿಯ ತಳವನ್ನು ಕೆಳಗಿನಿಂದಲೇ ಕುಟ್ಟಿ ನೋಡುವುದು ಅವಳ ರೂಢಿ. ನೀರು ಕುಡಿದ ಬುಟ್ಟಿ ‘ದಪ್’ ಎನ್ನುತ್ತದೆ. ಒಣಗಿದ್ದು ಹೀಗೆ ಖಾಲಿ ಹೊಟ್ಟೆಯ ದನಿಯಲ್ಲಿ ಉತ್ತರ ಕೊಡುತ್ತದೆ. ಪೇಟೆಬೀದಿಯ ದೀಪದ ಕಂಬಗಳಿಗೆ ತೂಗುಹಾಕಿದ ಹೂಬುಟ್ಟಿಗಳು ಆಳೆತ್ತರಕ್ಕಿಂತ ಮೇಲಿರುವುದರಿಂದ ಮಣ್ಣು ಮುಟ್ಟಿ ನೋಡುವಂತಿಲ್ಲ. ಪ್ರತಿ ಕಂಬಕ್ಕೂ ಏಣಿ ಹತ್ತಿಳಿಯುತ್ತ ಕೂತರೆ ಬೀದಿ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಆದ್ದರಿಂದ ಕುಟ್ಟುವುದು, ಕಿವಿಗೊಡುವುದು, ಕೊಳವೆಯ ಬಾಗಿದ ಕತ್ತನ್ನು ಬುಟ್ಟಿಯ ಅಂಚಿಗೆ ಸಿಕ್ಕಿಸಿ ನೀರು ಬಿಡುವುದು, ಆಮೇಲೆ ಡ್ರಮ್ಮಿನ ಗಾಡಿಯನ್ನು ಮುಂದಿನ ಕಂಬಕ್ಕೆ ತಳ್ಳುವುದು. ಊರು ಅವಳನ್ನು ಬುಟ್ಟಿಯಕ್ಕ ಎಂದೇ ಕರೆಯುತ್ತಿತ್ತು.

“ಅಕ್ಕಾ, ಮೊನ್ನೆ ನನ್ನ ಗಿರಾಕಿ ಬೋಳು ತಲೆ ಮೇಲೂ ನೀರು ಸುರಿಸಿದ್ಯಲ್ಲ! ಅವನಿನ್ನೂ ಕನ್ನಡಿ ಮುಂದೆ ಕಾಯ್ತಾ ಕೂತಿದ್ದಾನೆ, ಕೂದಲು ಚಿಗುರುತ್ತೆ ಅಂತ,” ಎಂದ ಕ್ಷೌರದಂಗಡಿಯವ, ಬಾಗಿಲಲ್ಲಿ ಟವೆಲು ಕೊಡವುತ್ತ.

“ಗೊಬ್ಬರದ ನೀರು ಕಣಯ್ಯ. ಬಂದ್ರೂ ಬಂತು ಅನ್ನು.”

ಅವನು ನಕ್ಕ. ಮರುಕ್ಷಣ ದನಿ ತಗ್ಗಿಸಿದ. “ವಿಷಯ ಕಿವಿಗೆ ಬಿತ್ತಾ? ವರ್ತಕರ ಸಂಘದ ಅಧ್ಯಕ್ಷರು ನಾಳೆ ಬೆಳಿಗ್ಗೆನೇ ಬುಟ್ಟಿ ನೋಡೋಕೆ ಬರ್ತಾರಂತೆ.”

“ನಾಳೆ? ಮುಂದಿನ ತಿಂಗಳು ಅಂದಿದ್ರು!”

“ಮಗಳ ಹೆರಿಗೆಗೆ ಬೇರೆ ಊರಿಗೆ ಹೊರಟಿದ್ದಾರೆ. ಹೋಗೋ ಮೊದಲೇ ತೀರ್ಮಾನ ಮಾಡಿಬಿಡೋಣ ಅಂತ. ನಿಂಗೆ ಹೇಳಿ ಕಳಿಸ್ಲಿಲ್ವಾ?”

ಯಾರೂ ಹೇಳಿ ಕಳಿಸಿರಲಿಲ್ಲ. ಅವಳು ಕತ್ತೆತ್ತಿ ಬೀದಿಯುದ್ದಕ್ಕೂ ನೋಡಿದಳು. ಎಲ್ಲ ಬುಟ್ಟಿಗಳೂ ಹಸಿರಾಗಿದ್ದವು, ಆಗಷ್ಟೇ ತಲೆ ಬೋಳಿಸಿಕೊಂಡ ಮಕ್ಕಳ ಸಾಲಿನಂತೆ. ಒಂದರಲ್ಲೂ ಒಂದು ಹೂವಿರಲಿಲ್ಲ. ಕಳೆದ ವಾರವಷ್ಟೇ ತನ್ನ ಕೈಯಾರೆ ಅಷ್ಟೂ ಕುಡಿಗಳನ್ನು ಮೊಗ್ಗಿನ ಸಮೇತ ಚಿವುಟಿ ಹಾಕಿದ್ದಳು.

ಈ ಹೂವಿನ ಸ್ವಭಾವವೇ ಅಂಥದ್ದು. ಅದರ ಪಾಡಿಗೆ ಬಿಟ್ಟರೆ ಬಳ್ಳಿ ಉದ್ದುದ್ದ ಇಳಿಬಿದ್ದು, ತುದಿಯಲ್ಲಿ ಒಂದೆರಡು ಹೂ ಹಿಡಿದುಕೊಂಡು ಸೊರಗುತ್ತದೆ. ಮನಸ್ಸು ಗಟ್ಟಿಮಾಡಿ ಕುಡಿ ಚಿವುಟಿದರೆ ಬುಡದಿಂದ ಹತ್ತು ಕವಲೊಡೆದು, ಮೂರು ವಾರಕ್ಕೆ ತಂತಿಯೇ ಕಾಣದ ಹಾಗೆ ಬುಟ್ಟಿ ತುಂಬ ಅರಳುತ್ತದೆ. ಅಧ್ಯಕ್ಷರು ಬರುವ ದಿನಕ್ಕೆ ಸರಿಹೊಂದುವಂತೆ ಲೆಕ್ಕ ಹಾಕಿಯೇ ಅವಳು ಚಿವುಟಿದ್ದು. ಆ ಲೆಕ್ಕವೇ ಈಗ ಕೈಕೊಟ್ಟಿತ್ತು.

ಮೊದಲು ಬುಟ್ಟಿಗಳ ಖರ್ಚೆಲ್ಲ ನಗರಸಭೆಯದೇ ಆಗಿತ್ತು. ಅದು ಕೈತೊಳೆದುಕೊಂಡ ಮೇಲೆ ವರ್ತಕರ ಸಂಘ ವಹಿಸಿಕೊಂಡಿತು. ಅಂಗಡಿಗೊಂದು ಬುಟ್ಟಿ, ಬುಟ್ಟಿಯ ಕೆಳಗೆ ಆ ಅಂಗಡಿಯ ಹೆಸರಿನ ತಗಡು. ಈ ವರ್ಷ ವ್ಯಾಪಾರ ನೆಲಕಚ್ಚಿತ್ತು. ಬುಟ್ಟಿ ಮುಂದುವರಿಸಬೇಕೋ ಬೇಡವೋ ಎಂದು ಗೊಣಗಾಟ ಶುರುವಾಗಿತ್ತು. ಬುಟ್ಟಿ ಹೋದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ನಗರಸಭೆಯ ಸಸಿತೋಟದ ಮೂಲೆಯಲ್ಲಿ ಕೆಲಸದ ಜೊತೆಗೇ ಬಂದ ಆ ಒಂದು ಕೋಣೆಯೂ ಹೋಗುತ್ತದೆ.

ಕೋಣೆಯಲ್ಲಿ ಗಂಡ ತಂತಿ ಬಾಗಿಸುತ್ತ ಕೂತಿದ್ದ. ಹಿಂದೆ ಈ ಕೆಲಸ ಅವನದ್ದು. ಒಂದು ಬೆಳಿಗ್ಗೆ ಏಣಿ ಜಾರಿ, ತುಂಬಿದ ಬುಟ್ಟಿಯನ್ನು ಎದೆಗವಚಿಕೊಂಡೇ ಕೆಳಗೆ ಬಿದ್ದ. ಬುಟ್ಟಿಗೆ ಏನೂ ಆಗಲಿಲ್ಲ, ಅವನ ಸೊಂಟ ಮುರಿಯಿತು. ಅಂದಿನಿಂದ ಏಣಿ ಅವಳ ಪಾಲಿಗೆ, ತಂತಿ ಕಟ್ಟಿ ನಾರು ಹಾಸುವುದು ಅವನ ಪಾಲಿಗೆ.

“ಚಿವುಟು ಅಂದೋನು ನಾನೇ. ಬೈದುಬಿಡು, ಹಗುರಾಗ್ತೀಯ,” ಎಂದ, ಅವಳಿಂದ ಸುದ್ದಿ ಕೇಳಿ.

“ನಿಮ್ಮನ್ನ ಬೈದ್ರೆ ಹೂ ಬಿಡುತ್ತೇನ್ರೀ? ಬಿಡೋ ಹಾಗಿದ್ರೆ ಈ ಊರು ಎಂದೋ ತೋಟ ಆಗಿರೋದು.”

ಅವನು ನಗಲಿಲ್ಲ. ಇಕ್ಕಳವನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡಿದ. ಚಾವಣಿಯ ತೇವದ ಕಲೆ, ಹಾಸಿಗೆಯ ಪಕ್ಕದಲ್ಲಿ ಅವನು ಹಿಡಿದೇಳಲೆಂದು ಅವಳೇ ಜಡಿದ ಕಬ್ಬಿಣದ ಹಿಡಿಕೆ, ಹೊಸ್ತಿಲಲ್ಲಿ ಅವಳ ಕೆಸರು ಮೆತ್ತಿದ ಬೂಟು. ಬೇರೆ ಯಾವ ಮನೆಯೊಡೆಯರು ಗೋಡೆಗೆ ಹಾಗೆ ಹಿಡಿಕೆ ಜಡಿಯಲು ಬಿಡುತ್ತಾರೆ?

“ಆಸ್ಪತ್ರೆ ಬುಟ್ಟಿ ಇದೆಯಲ್ಲ,” ಎಂದಳು ಅವಳು.

ಅವನು ಗಕ್ಕನೆ ತಿರುಗಿದ. “ಅವು ನೆರಳಿನ ಗಿಡ ಕಣೇ. ಬಿಸಿಲಿಗೆ ಹಾಕಿದ್ರೆ ಸತ್ತೇಹೋಗ್ತಾವೆ.”

“ಮಧ್ಯಾಹ್ನದವರೆಗೆ ತಡೀತಾವೆ. ಅವರು ಬರೋದು ಬೆಳಿಗ್ಗೆ.”

ಸೊಂಟ ಮುರಿದು ಅವನು ಆಸ್ಪತ್ರೆಯ ವಾರ್ಡಿನಲ್ಲಿ ಕಾಲಿಗೆ ಭಾರ ಕಟ್ಟಿಸಿಕೊಂಡು ಮಲಗಿದ್ದಾಗ ಕಾಣುತ್ತಿದ್ದುದು ಜಗಲಿಯ ಒಂದು ತುಂಡು ಮಾತ್ರ. ಅವನ ಕಣ್ಣಿಗೆ ಬೀಳಲೆಂದು ಅವಳು ಅಲ್ಲೊಂದು ಬುಟ್ಟಿ ತೂಗುಹಾಕಿದ್ದಳು, ಜುಮಕಿಯ ಹಾಗೆ ಜೋಲುವ ಕೆಂಪು ಹೂವಿನದು. ಅವನು ಮನೆಗೆ ಬಂದ ಮೇಲೂ ತೆಗೆಯಲು ಮನಸ್ಸಾಗಲಿಲ್ಲ. ಉಳಿದುಬಳಿದ ಸಸಿಗಳೆಲ್ಲ ಅಲ್ಲಿಗೆ ಸೇರುತ್ತ ಜಗಲಿಯುದ್ದಕ್ಕೂ ಸಾಲಾಯಿತು. ಅವುಗಳ ಕೆಳಗೆ ಯಾರ ಹೆಸರಿನ ತಗಡೂ ಇರಲಿಲ್ಲ. ಮುದ್ದಿನ ಆ ಗಿಡಗಳ ಕುಡಿಯನ್ನು ಅವಳು ಎಂದೂ ಚಿವುಟಿರಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಗಾಡಿ ಆಸ್ಪತ್ರೆಯ ಜಗಲಿಯಲ್ಲಿತ್ತು. ಪಾಳಿ ಮುಗಿಸಿ ಹೊರಟಿದ್ದ ನರ್ಸಮ್ಮ ನಿಂತಳು.

“ಏನಮ್ಮಾ, ಇವನ್ನೂ ಕಿತ್ಕೊಂಡು ಹೊರಟ್ಯಾ?”

“ಸಂಜೆ ವಾಪಸ್ ತಂದು ಹಾಕ್ತೀನಿ ಸಿಸ್ಟರ್. ಮಾತು ಕೊಡ್ತೀನಿ.”

“ಆರನೇ ಹಾಸಿಗೆ ತಾತ ಎದ್ದಕೂಡ್ಲೇ ಕೇಳ್ತಾರೆ. ಏನು ಹೇಳ್ಲಿ?”

“ಸ್ನಾನಕ್ಕೆ ಹೋಗಿವೆ ಅನ್ನಿ.”

ನರ್ಸಮ್ಮ ನಕ್ಕು, ತಾನೇ ಒಂದು ಬುಟ್ಟಿಯನ್ನು ಕೊಕ್ಕೆಯಿಂದ ಬಿಡಿಸಿಕೊಟ್ಟಳು. ಒಳಗಿನಿಂದ ಯಾರೋ ಕೆಮ್ಮುತ್ತಿದ್ದರು. ಕಳ್ಳತನ ಮಾಡಿದವಳ ಹಾಗೆ ಅವಳು ಗಾಡಿ ತಳ್ಳಿಕೊಂಡು ಬೀದಿಗಿಳಿದಳು.

ಅಧ್ಯಕ್ಷರ ಕನ್ನಡಕದಂಗಡಿಯ ಆಚೀಚೆಯ ಕಂಬಗಳಿಗೆ ಜುಮಕಿ ಹೂ ಏರಿದವು. ಬೀದಿಗೆ ಒಮ್ಮೆಲೇ ಜೀವ ಬಂತು. ಕ್ಷೌರದಂಗಡಿಯವ ಕತ್ತರಿ ಹಿಡಿದೇ ಹೊರಗೆ ಬಂದು ಶಿಳ್ಳೆ ಹೊಡೆದ. ಅವಳು ಏಣಿ ಮಡಿಚಿ ಗೋಡೆಗೊರಗಿಸಿ ಕಾದಳು. ಅಂಗಡಿಗಳ ಶಟರ್ ಮೇಲೇರಿದವು, ಶಾಲೆಯ ಮಕ್ಕಳು ಹಾದುಹೋದರು, ಬಿಸಿಲು ಎದುರು ಗೋಡೆಯಿಂದ ಇಳಿದು ರಸ್ತೆಗೆ ಬಂತು, ರಸ್ತೆಯಿಂದ ಕಂಬ ಹತ್ತಿತು. ಅಧ್ಯಕ್ಷರ ಸುಳಿವಿಲ್ಲ.

ಅಂಗಡಿಯ ಹುಡುಗಿಯನ್ನು ಕೇಳಿದಳು. “ಬ್ಯಾಂಕಿಗೆ ಹೋಗಿದ್ದಾರೆ. ಊಟ ಆದಮೇಲೆ ಬರ್ತಾರೆ.”

ನಡು ನೆತ್ತಿಯ ಬಿಸಿಲಿಗೆ ಮೊದಲು ಎಲೆಗಳು ಮಡಿಚಿಕೊಂಡವು. ಆಮೇಲೆ ಹೂಗಳ ಕತ್ತು ಬಿತ್ತು. ಉರಿಬಿಸಿಲಲ್ಲಿ ಎಲೆಯ ಮೇಲೆ ನೀರೆರಚಿದರೆ ಇನ್ನೂ ಸುಡುತ್ತದೆಂದು ಅವಳಿಗೆ ಗೊತ್ತು. ಬುಡಕ್ಕಷ್ಟೇ ಬಿಟ್ಟಳು. ಬುಟ್ಟಿಗಳು ಕುಡಿಯಲಿಲ್ಲ, ನೀರು ಹಾಗೇ ತಳದಿಂದ ಸೋರಿ ಕಾಲಮೇಲೆ ಬಿತ್ತು. ಇಳಿಸಿಬಿಡಲೇ ಎಂದು ಏಣಿಗೆ ಕೈಹಾಕುವಳು. ಈಗ ಬಂದುಬಿಟ್ಟರೆ ಎಂದು ಕೈ ತೆಗೆಯುವಳು. ಹೀಗೆ ಏಣಿಗೂ ರಸ್ತೆಯ ತಿರುವಿಗೂ ನಡುವೆ ಅವಳು ಬೆಂದುಹೋದಳು.

ಕೊನೆಗೆ ಅಧ್ಯಕ್ಷರು ಬಂದರು. ಜೊತೆಗೆ ಒಬ್ಬ ಸೇಲ್ಸಿನವನಿದ್ದ, ಅವನ ಕೈಯಲ್ಲಿ ಹೊಳೆಹೊಳೆಯುವ ಪ್ಲಾಸ್ಟಿಕ್ ಹೂವಿನ ಬುಟ್ಟಿ.

“ಬಣ್ಣ ಹೋಗಲ್ಲ ಸಾರ್, ಗ್ಯಾರಂಟಿ ಇದೆ. ನೀರು ಬೇಡ, ಗೊಬ್ಬರ ಬೇಡ, ಆಳು ಬೇಡ,” ಎನ್ನುತ್ತಿದ್ದ ಅವನು.

“ಗಿರಾಕಿನೂ ಬೇಡ ಅನ್ನಿ,” ಎಂದ ಕ್ಷೌರದಂಗಡಿಯವ ಒಳಗಿನಿಂದಲೇ.

ಅಧ್ಯಕ್ಷರು ಮೇಲೆ ನೋಡಿದರು. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು ಜುಮಕಿ ಹೂ. ಆಚೆಯ ಕಂಬಗಳಲ್ಲಿ ಬರೀ ಹಸಿರು. ಅವರು ಕೆಟ್ಟವರಲ್ಲ. ಮುಖದಲ್ಲಿ ನಿಜವಾದ ಸಂಕಟವೇ ಇತ್ತು.

“ಏನಮ್ಮಾ ಇದು?”

“ಸಾರ್, ಕುಡಿ ಚಿವುಟಿದ್ದೀನಿ. ತಿಂಗಳ ಕೊನೆಗೆ ನೋಡಿ, ಬುಟ್ಟಿನೇ ಕಾಣಲ್ಲ, ಅಷ್ಟು ಹೂ ಬರುತ್ತೆ. ನೀವು ಮುಂದಿನ ತಿಂಗಳು ಅಂದಿದ್ರಲ್ಲ, ಅದಕ್ಕೇ... ಈಗ್ಲೇ ಚಿಗುರು ಬಂದಿದೆ, ಏಣಿ ಹಾಕ್ತೀನಿ, ನೀವೇ ಹತ್ತಿ ನೋಡಿ ಸಾರ್.”

“ನಂಬ್ತೀನಮ್ಮ. ದಿನ ಮುಂಚಿತ ಮಾಡ್ದೋನು ನಾನೇ, ಹೇಳಿ ಕಳಿಸ್ಬೇಕಾಗಿತ್ತು. ಆದ್ರೆ ದುಡ್ಡು ಕೊಡೋ ಅಂಗಡಿಯವರಿಗೆ ಚಿಗುರು ತೋರಿಸಿ ಹೂ ಅಂತ ನಂಬಿಸೋಕಾಗುತ್ತಾ? ಇನ್ನೊಂದು ವರ್ಷ ನೀರಿಗೆ, ಗೊಬ್ಬರಕ್ಕೆ ಕೊಡಿ ಅಂದ್ರೆ ಯಾರೂ ಕೊಡಲ್ಲ. ಇದಾದ್ರೆ ಒಂದೇ ಸಲ.”

“ಎರಡು ವಾರ ಸಾರ್. ಸಂಬಳ ಬೇಡ. ಎರಡು ವಾರ ಹಾಗೇ ಮಾಡ್ತೀನಿ.”

“ನಿನ್ನನ್ನ ಬೀದಿಗೆ ಹಾಕ್ತೀನಿ ಅಂದ್ನಾ? ಕೇಳಿಲ್ಲಿ. ಪ್ಲಾಸ್ಟಿಕ್ಕಿಗೂ ಧೂಳು ಕೂರುತ್ತೆ. ತಿಂಗಳಿಗೊಂದ್ಸಲ ಒರೆಸ್ಬೇಕು. ಆ ಕೆಲಸ ನಿನಗೇ. ಸಂಬಳ ಇಷ್ಟಿರಲ್ಲ, ಕೋಣೆ ವಿಷಯ ನಗರಸಭೆಯವರ ಹತ್ರ ಮಾತಾಡಿ ನೋಡ್ತೀನಿ. ಏನಂತೀಯ?”

ಅವಳಿಗೆ ‘ಆಯ್ತು’ ಎನ್ನಬೇಕೆನ್ನಿಸಿತು. ಅಷ್ಟರಲ್ಲಿ ಕಂಬದ ಮೇಲಿನ ಜುಮಕಿ ಹೂವೊಂದು ಕಳಚಿ, ಸೇಲ್ಸಿನವನ ಭುಜ ತಾಗಿ ನೆಲಕ್ಕೆ ಬಿತ್ತು. ಅದರ ಹಿಂದೆಯೇ ಇನ್ನೆರಡು. ಹೂ ಉದುರಿದರೆ ಹೋಗಲಿ. ಕಾಂಡವೇ ಬಾಡಿದರೆ ಈ ಗಿಡ ಮತ್ತೆ ಏಳುವುದಿಲ್ಲ. ಅವಳು ಏಣಿ ಎಳೆದು ಕಂಬಕ್ಕೆ ಸೇರಿಸಿದಳು.

“ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಮ್ಮ. ಇವತ್ತೇ ಹೇಳಿಬಿಟ್ರೆ ನಾನು ಹೋಗೋಕೆ ಮುಂಚೆ ಬರೆಸಿಡ್ತೀನಿ...”

ಒಂದು ಬುಟ್ಟಿ ಇಳಿಯಿತು. ಮತ್ತೊಂದು. ಗಾಡಿಯಲ್ಲಿದ್ದ ಗೋಣಿಗಳನ್ನು ನೀರಲ್ಲದ್ದಿ, ತನ್ನ ಸೆರಗನ್ನೇ ಹೊದಿಸುವ ಹಾಗೆ ಅವುಗಳ ಮೇಲೆ ಹೊದಿಸಿದಳು. ಬಿಸಿಲಿಗೆ ಕಣ್ಣು ಮಂಜಾಗಿತ್ತೋ, ಅತ್ತಿದ್ದಳೋ, ಅವಳಿಗೇ ತಿಳಿಯಲಿಲ್ಲ.

“ಅಲ್ಲ, ನಾನಿಲ್ಲಿ ಮಾತಾಡ್ತಾ ಇದ್ದೀನಿ, ನೀನು ಎಲ್ಲಿಗೆ ಹೊರಟೆ? ಹೂಂ ಅಂತೀಯೋ ಊಹೂಂ ಅಂತೀಯೋ, ಅಷ್ಟಾದ್ರೂ...”

ಅವಳು ಎರಡೂ ಕೈ ಕೊಟ್ಟು ಗಾಡಿ ತಳ್ಳಿದಳು, ಆಸ್ಪತ್ರೆಯ ಕಡೆಗೆ, ನೆರಳಿದ್ದ ಬದಿಯಿಂದ.